ಇಸ್ತಿಗ್‌ಫಾರ್ ನಾಲಿಗೆಯಲ್ಲಿ, ತಂಗಿಯ ಪಾಲು ಅಣ್ಣನ ತೋಟದಲ್ಲಿ

ಮಾನ್ಯ ಸಂಪಾದಕರೇ,

ರಂಜಾನ್ ಹತ್ತಿರ ಬಂತು. ಸಹರಿ-ಇಫ್ತಾರ್ ಸಮಯದ ಪಟ್ಟಿ, ಖರ್ಜೂರದ ದರ, ಸಂಜೆ ಹೊತ್ತಿನ ಎಣ್ಣೆ ತಿಂಡಿಗಳ ಫೋಟೋ, ಇವೆಲ್ಲ ಪತ್ರಿಕೆಗಳಲ್ಲಿ ಈ ಸಲವೂ ಬರುತ್ತವೆ. ಬರಲಿ, ಸಂತೋಷವೇ. ಆದರೆ ಆ ತಿಂಗಳಿಡೀ ನಮ್ಮ ಬಾಯಲ್ಲಿ ಅತಿ ಜಾಸ್ತಿ ಬರುವ ಒಂದು ಮಾತಿನ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ. ಅಸ್ತಗ್‌ಫಿರುಲ್ಲಾಹ್, ಅಂದರೆ ಅಲ್ಲಾಹನಲ್ಲಿ ಕ್ಷಮೆ ಬೇಡುವುದು. ಇದಕ್ಕೆ ನಾವು ಇಸ್ತಿಗ್‌ಫಾರ್ ಅನ್ನುತ್ತೇವೆ. ಇದರ ಬಗ್ಗೆ ನನಗೆ ಹೇಳಲಿಕ್ಕಿರುವುದು ಸ್ವಲ್ಪ ಉದ್ದ ಇದೆ, ದಯವಿಟ್ಟು ಜಾಗ ಕೊಡಿ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದವಳು. ಮನೆಮಾತು ಬ್ಯಾರಿ, ಶಾಲೆ ಕಲಿತದ್ದು ಕನ್ನಡದಲ್ಲಿ, ಮದ್ರಸ ಅರಬಿ-ಮಲಯಾಳದಲ್ಲಿ, ಅಂದರೆ ಅರಬಿ ಲಿಪಿಯಲ್ಲಿ ಬರೆಯುವ ಮಲಯಾಳದಲ್ಲಿ. ನಮ್ಮೂರಲ್ಲಿ ಉರ್ದು ಮಾತಾಡುವ ಹನಫಿಗಳೂ ಇದ್ದಾರೆ, ನಾವು ಶಾಫಿಗಳೂ ಇದ್ದೇವೆ; ಇವು ಇಸ್ಲಾಮಿನ ಎರಡು ಕರ್ಮಶಾಸ್ತ್ರ ಪಂಥಗಳು. ಮಸೀದಿಯ ಪ್ರವಚನ ಹೆಚ್ಚಾಗಿ ಮಲಯಾಳದಲ್ಲೋ ಉರ್ದುವಿನಲ್ಲೋ ನಡೆಯುವುದರಿಂದ ಕನ್ನಡ ಮಾತ್ರ ಓದುವವರಿಗೆ, ಪಕ್ಕದ ಮನೆಯ ಹಿಂದೂ, ಕ್ರೈಸ್ತ ಗೆಳೆಯರಿಗೆ ಈ ವಿಷಯ ಮುಟ್ಟುವುದೇ ಇಲ್ಲ. ಮುಟ್ಟುವುದು ವಾಟ್ಸಾಪ್ ಸಂದೇಶ ಮಾತ್ರ. ದಿನಕ್ಕೆ ಇಂತಿಷ್ಟು ಸಲ ಇಸ್ತಿಗ್‌ಫಾರ್ ಹೇಳಿ, ಸಾಲ ತೀರುತ್ತದೆ. ಇಂತಿಷ್ಟು ಹೇಳಿ, ವೀಸಾ ಬರುತ್ತದೆ. ಹತ್ತು ಜನಕ್ಕೆ ಕಳಿಸಿ, ಸಂಜೆಯೊಳಗೆ ಶುಭ ಸುದ್ದಿ ಕೇಳುತ್ತೀರಿ.

ಇಂಥದ್ದು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಇಸ್ತಿಗ್‌ಫಾರ್‌ನಲ್ಲಿ ಲಾಭ ಇಲ್ಲ ಅಂತಲ್ಲ. ಬೇಕಾದಷ್ಟು ಇದೆ, ಕುರ್‌ಆನ್‌ನಲ್ಲೇ ಇದೆ. ಆದರೆ ಅದರ ಅರ್ಧ ಭಾಗವನ್ನು ಮಾತ್ರ ಎತ್ತಿ ಹಂಚಿ, ಇನ್ನರ್ಧವನ್ನು ಮುಚ್ಚಿಡುತ್ತಿದ್ದೇವೆ. ಆ ಇನ್ನರ್ಧ ಇರುವುದು ಮನುಷ್ಯರಿಗೆ ನಾವು ಕೊಡಬೇಕಾದ ಬಾಕಿಯಲ್ಲಿ. ನಾನು ಬರೆಯಲು ಕೂತದ್ದು ಅದಕ್ಕೇ.

ಮೊದಲು ಆಚರಣೆ ಹೇಗೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಕ್ಷಮೆ ಬೇಡಲು ನಮ್ಮಲ್ಲಿ ಯಾರ ಮಧ್ಯಸ್ಥಿಕೆಯೂ ಬೇಡ. ಉಸ್ತಾದರ (ಧರ್ಮಗುರುಗಳ) ಹತ್ತಿರ ಹೋಗಿ ಪಾಪ ಒಪ್ಪಿಸಬೇಕಾಗಿಲ್ಲ, ದುಡ್ಡು ಕಟ್ಟಬೇಕಾಗಿಲ್ಲ, ಇಂಥದ್ದೇ ಜಾಗ ಅಂತಲೂ ಇಲ್ಲ. ಅಡುಗೆ ಮಾಡುತ್ತಾ ಹೇಳಬಹುದು, ಬಸ್ಸಿನಲ್ಲಿ ಕೂತು ಹೇಳಬಹುದು. ಪ್ರವಾದಿಯವರು ಪ್ರತಿ ಫರ್ಝ್ (ಕಡ್ಡಾಯ) ನಮಾಝ್ ಮುಗಿದ ಕೂಡಲೇ ಮೂರು ಸಲ ಅಸ್ತಗ್‌ಫಿರುಲ್ಲಾಹ್ ಹೇಳುತ್ತಿದ್ದರು ಅಂತ ಸಹೀಹ್ ಮುಸ್ಲಿಮ್ ಅನ್ನುವ ಹದೀಸ್ (ಪ್ರವಾದಿಯವರ ನುಡಿ-ನಡೆಯ ವರದಿ) ಸಂಗ್ರಹದಲ್ಲಿದೆ. ಇದನ್ನು ಯೋಚಿಸಿ ನೋಡಿ. ಪಾಪ ಮಾಡಿ ಬಂದ ಮೇಲೆ ಕ್ಷಮೆ ಕೇಳುವುದು ಎಲ್ಲರಿಗೂ ಗೊತ್ತು, ಇಲ್ಲಿ ಆರಾಧನೆ ಮುಗಿಸಿದ ಮೇಲೆಯೇ ಕ್ಷಮೆ ಕೇಳುತ್ತಿದ್ದಾರೆ. ನಾನು ನಮಾಝ್ ಮಾಡಿದವಳು ಅನ್ನುವ ಜಂಬ ತಲೆಗೆ ಏರುವ ಮೊದಲೇ ತಲೆ ತಗ್ಗಿಸುವ ಪಾಠ ಅದು. ದಿನಕ್ಕೆ 70ಕ್ಕಿಂತ ಹೆಚ್ಚು ಸಲ ಕ್ಷಮೆ ಬೇಡುತ್ತೇನೆ ಅಂತ ಅವರೇ ಹೇಳಿದ್ದು ಬುಖಾರಿ ಅನ್ನುವ ಇನ್ನೊಂದು ಹದೀಸ್ ಸಂಗ್ರಹದಲ್ಲಿದೆ, ಮುಸ್ಲಿಮ್‌ನಲ್ಲಿ 100 ಸಲ ಅಂತ ಇದೆ.

ಇನ್ನು ಸಯ್ಯಿದುಲ್ ಇಸ್ತಿಗ್‌ಫಾರ್, ಕ್ಷಮೆ ಬೇಡುವ ದುಆ (ಪ್ರಾರ್ಥನೆ)ಗಳಿಗೆಲ್ಲ ನಾಯಕ ಅನ್ನಿಸಿಕೊಂಡದ್ದು. ಶದ್ದಾದ್ ಇಬ್ನ್ ಔಸ್ ಅವರು ಪ್ರವಾದಿಯವರಿಂದ ಕೇಳಿ ಹೇಳಿದ್ದು, ಇದೂ ಬುಖಾರಿಯಲ್ಲಿದೆ. ನಮ್ಮ ಮದ್ರಸದ ಮಕ್ಕಳಿಗೂ ಬಾಯಿಪಾಠ. ನೀನು ನನ್ನ ಒಡೆಯ, ನೀನೇ ನನ್ನನ್ನು ಹುಟ್ಟಿಸಿದವನು, ಕೈಲಾದಷ್ಟು ನಿನ್ನ ಮಾತಿಗೆ ಬದ್ಧನಾಗಿದ್ದೇನೆ, ನೀನು ಕೊಟ್ಟ ಅನುಗ್ರಹವನ್ನು ಒಪ್ಪುತ್ತೇನೆ, ನಾನು ಮಾಡಿದ ಪಾಪವನ್ನೂ ಒಪ್ಪುತ್ತೇನೆ, ಕ್ಷಮಿಸು, ನೀನಲ್ಲದೆ ಪಾಪ ಕ್ಷಮಿಸುವವರು ಯಾರೂ ಇಲ್ಲ. ಇಷ್ಟೇ ಅದರ ಸಾರ. ಬೆಳಿಗ್ಗೆಯೂ ಸಂಜೆಯೂ ಹೇಳಬೇಕು. ಮನಸ್ಸಿಟ್ಟು ನಂಬಿ ಬೆಳಿಗ್ಗೆ ಹೇಳಿದವರು ಸಂಜೆಯೊಳಗೆ ತೀರಿಕೊಂಡರೆ ಸ್ವರ್ಗದವರು ಅಂತ ಆ ಹದೀಸ್ ಹೇಳುತ್ತದೆ. ಸುಬ್ಹಿಗೆ (ಮುಂಜಾನೆಯ ನಮಾಝ್‌ಗೆ) ಮೊದಲಿನ ಹೊತ್ತಿಗಂತೂ ವಿಶೇಷ ಸ್ಥಾನ ಇದೆ. ಕುರ್‌ಆನ್‌ನ 51ನೇ ಅಧ್ಯಾಯದಲ್ಲಿ ಒಳ್ಳೆಯವರ ಗುರುತು ಹೇಳುವಾಗ, ಅವರು ರಾತ್ರಿ ಕಡಿಮೆ ನಿದ್ದೆ ಮಾಡುವವರು, ನಸುಕಿನಲ್ಲಿ ಕ್ಷಮೆ ಬೇಡುವವರು ಅಂತ ಬರುತ್ತದೆ. ರಂಜಾನ್‌ನಲ್ಲಿ ಹೇಗೂ ಸಹರಿಗೆ ಏಳುತ್ತೇವೆ. ಚಹಾ ಕುದಿಯುವ ಹೊತ್ತಿನಲ್ಲಾದರೂ ಹೇಳಬಹುದಲ್ವಾ?

ಈಗ ಬಾಗಿಲು ಎಷ್ಟು ದೊಡ್ಡದು ಅನ್ನುವ ವಿಷಯ. ಇದನ್ನು ನಾನು ಗಟ್ಟಿಯಾಗಿ ಹೇಳಬೇಕು. ಯಾಕೆಂದರೆ ನಮ್ಮ ಗಡಿನಾಡಿನಲ್ಲಿ ಈಗ ತಾಯಂದಿರ ನಿದ್ದೆ ಕೆಡಿಸುತ್ತಿರುವುದು ಗಾಂಜಾ, ಎಂಡಿಎಂಎಯಂಥ ಮಾದಕ ವಸ್ತುಗಳು. ಹುಡುಗರು ಒಮ್ಮೆ ಅದಕ್ಕೆ ಬಿದ್ದರೆ ಮನೆಯವರು ದೂರ, ಜಮಾಅತ್‌ನವರು (ಮಸೀದಿಯ ಸಮುದಾಯದವರು) ದೂರ, ಕೊನೆಗೆ ಹುಡುಗನೇ ‘ನನ್ನ ಕಥೆ ಮುಗಿಯಿತು, ನನ್ನ ನಮಾಝ್ ಯಾರಿಗೆ ಬೇಕು’ ಅಂತ ಕೈಬಿಡುತ್ತಾನೆ. ಹಾಗೆ ಕೈಬಿಡಲು ಇಸ್ಲಾಂ ಒಪ್ಪುವುದಿಲ್ಲ. ಕುರ್‌ಆನ್‌ನ ಸೂರಃ (ಅಧ್ಯಾಯ) ಝುಮರ್‌ನ 53ನೇ ವಚನ ಓದಿ. ತಮ್ಮ ಮೇಲೆ ತಾವೇ ಅತಿರೇಕ ಮಾಡಿಕೊಂಡ ದಾಸರನ್ನು ಕರೆದು, ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿ, ಅವನು ಎಲ್ಲ ಪಾಪಗಳನ್ನೂ ಕ್ಷಮಿಸುತ್ತಾನೆ ಅಂತ ಅಲ್ಲಿದೆ. ಎಲ್ಲ ಪಾಪ. ಇದಕ್ಕಿಂತ ದೊಡ್ಡ ಆಶ್ವಾಸನೆ ಯಾವ ತಾಯಿಗೆ ಬೇಕು?

ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಒಂದು ಘಟನೆ ಇದೆ. ಹಿಂದಿನ ಕಾಲದಲ್ಲಿ ಒಬ್ಬ 99 ಜನರನ್ನು ಕೊಂದಿದ್ದ. ತನಗೆ ತೌಬಾ (ಪಶ್ಚಾತ್ತಾಪಪಟ್ಟು ಮರಳುವ ದಾರಿ) ಉಂಟೋ ಅಂತ ಒಬ್ಬ ಸನ್ಯಾಸಿಯನ್ನು ಕೇಳಿದ. ಇಲ್ಲ ಅಂದರು. ಸಿಟ್ಟಿನಲ್ಲಿ ಅವರನ್ನೂ ಕೊಂದು 100 ಪೂರ್ತಿ ಮಾಡಿದ. ಮತ್ತೆ ಒಬ್ಬ ವಿದ್ವಾಂಸರ ಹತ್ತಿರ ಹೋದ. ಅವರು, ನಿನಗೂ ತೌಬಾಕ್ಕೂ ನಡುವೆ ಅಡ್ಡ ನಿಲ್ಲಲು ಯಾರಿಂದ ಆಗುತ್ತದೆ ಅಂತ ಕೇಳಿ, ಇಂಥ ಊರಿಗೆ ಹೋಗು, ಅಲ್ಲಿ ಒಳ್ಳೆಯವರಿದ್ದಾರೆ, ಅವರ ಜೊತೆ ಅಲ್ಲಾಹನನ್ನು ಆರಾಧಿಸು, ನಿನ್ನ ಊರಿಗೆ ವಾಪಸ್ ಬರಬೇಡ, ಅದು ಕೆಟ್ಟ ಜಾಗ ಅಂದರು. ಅವನು ಹೊರಟ. ಅರ್ಧ ದಾರಿಯಲ್ಲಿ ಸತ್ತ. ಕರುಣೆಯ ಮಲಕ್‌ಗಳು (ದೇವದೂತರು) ನಮ್ಮವನು ಅಂದರು, ಶಿಕ್ಷೆಯ ಮಲಕ್‌ಗಳು ನಮ್ಮವನು ಅಂದರು. ಎರಡೂ ಊರಿಗೆ ದೂರ ಅಳೆದು ನೋಡಿದರೆ ಒಳ್ಳೆಯ ಊರಿಗೆ ಒಂದು ಗೇಣು ಹತ್ತಿರ ಇದ್ದ. ಕರುಣೆಯ ಮಲಕ್‌ಗಳು ಕರೆದುಕೊಂಡು ಹೋದರು.

ಈ ಕಥೆಯನ್ನು ನಾವು ಒಂದು ಗೇಣಿಗಾಗಿ ಹೇಳುತ್ತೇವೆ. ನಾನು ಹೇಳುವುದು ಆ ವಿದ್ವಾಂಸರಿಗಾಗಿ. ಅವರು ಬರೀ ಕ್ಷಮೆ ಉಂಟು ಅಂತ ಹೇಳಿ ಕಳಿಸಲಿಲ್ಲ. ಊರು ಬದಲಿಸು, ಸಹವಾಸ ಬದಲಿಸು ಅಂದರು. ಚಟಕ್ಕೆ ಬಿದ್ದ ಹುಡುಗನಿಗೆ ಇವತ್ತು ಚಿಕಿತ್ಸೆ ಕೊಡುವವರು ಹೇಳುವುದೂ ಅದನ್ನೇ ಅಲ್ವಾ, ಹಳೆಯ ಗೆಳೆಯರನ್ನು ಬಿಡು, ಹಳೆಯ ಅಡ್ಡೆಗೆ ಹೋಗಬೇಡ ಅಂತ. ಹಾಗಿರುವಾಗ ಚಿಕಿತ್ಸೆ ಮುಗಿಸಿ ಬಂದ ಹುಡುಗ ಮಸೀದಿಯ ಮೊದಲ ಸಫ್‌ನಲ್ಲಿ (ಸಾಲಿನಲ್ಲಿ) ನಿಂತರೆ ಪಕ್ಕದಲ್ಲಿ ನಿಲ್ಲಲು ಹಿಂಜರಿಯುವವರು ಯಾರ ಪಾತ್ರ ಮಾಡುತ್ತಿದ್ದಾರೆ ಅಂತ ನೋಡಿಕೊಳ್ಳಬೇಕು. ಆ ಸನ್ಯಾಸಿಯ ಪಾತ್ರವನ್ನೇ. ಇದು ನನಗೆ ತುಂಬ ನೋವಿನ ವಿಷಯ.

ಇನ್ನು ಲಾಭದ ವಿಷಯ. ಸೂರಃ ನೂಹ್, 10ರಿಂದ 12ನೇ ವಚನ. ಪ್ರವಾದಿ ನೂಹ್ ಅಲೈಹಿಸ್ಸಲಾಂ ತಮ್ಮ ಜನಕ್ಕೆ ಹೇಳಿದ್ದನ್ನು ನೆನೆಯುತ್ತಾರೆ. ನಿಮ್ಮ ಒಡೆಯನಲ್ಲಿ ಕ್ಷಮೆ ಬೇಡಿ, ಅವನು ಧಾರಾಳ ಮಳೆ ಸುರಿಸುತ್ತಾನೆ, ಸಂಪತ್ತು ಕೊಡುತ್ತಾನೆ, ಮಕ್ಕಳನ್ನು ಕೊಡುತ್ತಾನೆ, ತೋಟ ಕೊಡುತ್ತಾನೆ, ಹೊಳೆ ಹರಿಸುತ್ತಾನೆ. ಬಸರಾದ ಹಸನುಲ್ ಬಸ್ರಿ, ಕ್ರಿ.ಶ. 728ರಲ್ಲಿ ತೀರಿಕೊಂಡ ದೊಡ್ಡ ವಿದ್ವಾಂಸರು, ಅವರ ಹತ್ತಿರ ಒಬ್ಬ ಬರಗಾಲ ಅಂತ ಬಂದ, ಒಬ್ಬ ಬಡತನ ಅಂತ, ಒಬ್ಬ ಮಕ್ಕಳಿಲ್ಲ ಅಂತ, ಒಬ್ಬ ತೋಟ ಒಣಗಿದೆ ಅಂತ. ಎಲ್ಲರಿಗೂ ಇಸ್ತಿಗ್‌ಫಾರ್ ಮಾಡಿ ಅಂದರು. ಎಲ್ಲರಿಗೂ ಒಂದೇ ಉತ್ತರ ಯಾಕೆ ಅಂತ ಕೇಳಿದಾಗ, ನಾನು ನನ್ನದಾಗಿ ಏನೂ ಹೇಳಲಿಲ್ಲ ಅಂತ ಇದೇ ವಚನ ಓದಿದರು. ಖಲೀಫ ಉಮರ್ ಮಳೆಗಾಗಿ ಬೇಡಲು ಹೋದಾಗಲೂ ಇಸ್ತಿಗ್‌ಫಾರ್ ಹೇಳಿಯೇ ಮರಳಿದರು ಅಂತ ವರದಿ ಇದೆ. ಕಾಸರಗೋಡಿನಲ್ಲಿ ಮೇ ತಿಂಗಳಲ್ಲಿ ಬಾವಿ ತಳ ಕಂಡಾಗ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರು ಬೆರಳು ದಪ್ಪಕ್ಕೆ ಇಳಿದಾಗ, ಅಡಿಕೆ ತೋಟದ ಸೋಗೆ ಹಳದಿಯಾದಾಗ ಈ ವಚನ ಓದಿದವರಿಗೆ ಇದರ ರುಚಿ ಗೊತ್ತು.

ಆದರೆ ಸಂದೇಶ ಹಂಚುವವರು ಒಂದನ್ನು ಬಿಡುತ್ತಾರೆ. ನೂಹ್ ಇದನ್ನು ಹೇಳಿದ್ದು ಯಾರಿಗೆ? ಬಡವರನ್ನು ಕೀಳು ಅಂತ ತಳ್ಳುತ್ತಿದ್ದ, ಕಿವಿಗೆ ಬೆರಳಿಟ್ಟು ಬಟ್ಟೆ ಮುಸುಕು ಹಾಕಿಕೊಳ್ಳುತ್ತಿದ್ದ ಜನಕ್ಕೆ. 950 ವರ್ಷ ಅವರ ನಡುವೆ ಇದ್ದರು ಅಂತ ಕುರ್‌ಆನ್ ಹೇಳುತ್ತದೆ. ಬದುಕಿನ ದಾರಿಯನ್ನೇ ತಿರುಗಿಸಿ ಅಂತ ಆ ಜನಕ್ಕೆ ಕೊಟ್ಟ ಕರೆಯ ಜೊತೆ ಬಂದ ಮಾತು ಅದು. ದಾರಿ ಹಾಗೇ ಇರಲಿ, ಎಣಿಕೆ ಮಾತ್ರ ಜಾಸ್ತಿ ಮಾಡೋಣ ಅಂದರೆ ಹೇಗೆ? ಆಲಿ ಇಮ್ರಾನ್ ಅಧ್ಯಾಯದ 135ನೇ ವಚನದಲ್ಲಿ ಕ್ಷಮೆ ಸಿಗುವವರನ್ನು ವರ್ಣಿಸುವಾಗ, ಗೊತ್ತಿದ್ದೂ ಮಾಡಿದ್ದನ್ನೇ ಮಾಡುತ್ತಾ ಕೂರುವುದಿಲ್ಲ ಅನ್ನುವ ಗುರುತನ್ನೂ ಹೇಳಿದೆ.

ಇಮಾಂ ನವವಿ ಹೆಸರು ನಮ್ಮ ಕಡೆ ಮದ್ರಸ ಕಲಿತ ಎಲ್ಲರಿಗೂ ಗೊತ್ತು. ದಮಸ್ಕಸ್‌ನ ದಕ್ಷಿಣದ ನವಾ ಎಂಬ ಊರಿನವರು, 1233ರಲ್ಲಿ ಹುಟ್ಟಿ 1277ರಲ್ಲಿ ತೀರಿಕೊಂಡರು. ನಾವು ಶಾಫಿಗಳಿಗೆ ಅವರ ಮಾತು ದೊಡ್ಡದು. ಅವರ ರಿಯಾಳುಸ್ಸಾಲಿಹೀನ್ ಅನ್ನುವ ಹದೀಸ್ ಗ್ರಂಥವನ್ನು ಎಷ್ಟೋ ಮಸೀದಿಗಳಲ್ಲಿ ನಮಾಝ್ ನಂತರ ಓದುತ್ತಾರೆ. ಅದರಲ್ಲಿ ತೌಬಾದ ಅಧ್ಯಾಯದ ಶುರುವಿನಲ್ಲೇ ಅವರು ಶರತ್ತು ಹೇಳಿದ್ದಾರೆ. ಪಾಪ ನಿನ್ನ ಮತ್ತು ಅಲ್ಲಾಹನ ನಡುವಿನದ್ದಾದರೆ ಮೂರು ಶರತ್ತು. ಅದನ್ನು ಬಿಡಬೇಕು, ಮಾಡಿದ್ದಕ್ಕೆ ಮನಸಾರೆ ವಿಷಾದಪಡಬೇಕು, ಇನ್ನು ಮಾಡುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಬೇಕು. ಪಾಪದಲ್ಲಿ ಇನ್ನೊಬ್ಬ ಮನುಷ್ಯನ ಹಕ್ಕು ಸೇರಿದ್ದರೆ ನಾಲ್ಕನೆಯದೊಂದು ಉಂಟು, ಆ ಹಕ್ಕನ್ನು ಅವನಿಗೆ ಮುಟ್ಟಿಸಬೇಕು. ಸೊತ್ತಾದರೆ ವಾಪಸ್ ಕೊಡಬೇಕು, ಮಾನ ತೆಗೆದಿದ್ದರೆ ಕ್ಷಮೆ ಕೇಳಬೇಕು. ಇವುಗಳಲ್ಲಿ ಒಂದು ತಪ್ಪಿದರೂ ತೌಬಾ ಸರಿಯಾಗುವುದಿಲ್ಲ ಅಂತ ಅವರೇ ಬರೆದಿದ್ದಾರೆ.

ಈ ನಾಲ್ಕನೆಯದನ್ನು ಹಿಡಿದು ನಮ್ಮ ಮನೆಗಳೊಳಗೆ ಒಮ್ಮೆ ನೋಡಿ. ತಂದೆ ತೀರಿಕೊಂಡು ವರ್ಷಗಳಾಗಿವೆ. ಪೆರ್ಲ, ಬದಿಯಡ್ಕ ಕಡೆ ಅಡಿಕೆ ತೋಟ, ರಸ್ತೆ ಬದಿಯಲ್ಲಿ ಅಂಗಡಿ ಕೋಣೆ. ಎಲ್ಲ ಅಣ್ಣತಮ್ಮಂದಿರ ಕೈಯಲ್ಲಿ. ತಂಗಿಯನ್ನು ಒಂದು ದಿನ ಮನೆಗೆ ಊಟಕ್ಕೆ ಕರೆಯುತ್ತಾರೆ. ಊಟ ಆದ ಮೇಲೆ ಕಾಗದ ತೆಗೆಯುತ್ತಾರೆ. ಹಕ್ಕು ಬಿಡುವ ಪತ್ರ. ನಮ್ಮ ಕಡೆ ಅದು ಹೆಚ್ಚಾಗಿ ಮಲಯಾಳದಲ್ಲಿ ಇರುತ್ತದೆ. ಅವಳು ಕನ್ನಡ ಶಾಲೆಯಲ್ಲಿ ಕಲಿತವಳು, ಅದರಲ್ಲಿ ಏನಿದೆ ಅಂತ ಅವಳಿಗೆ ಓದಲಿಕ್ಕೇ ಬರುವುದಿಲ್ಲ. ‘ನಿನ್ನ ಮದುವೆಗೆ ಚಿನ್ನ ಹಾಕಿದ್ದೇವಲ್ಲ ಮೋಳೇ (ಮಗಳೇ), ಇಲ್ಲಿ ಒಂದು ಸೈನ್ ಹಾಕು.’ ಅತ್ತಿಗೆಯಂದಿರು ಅಡುಗೆಕೋಣೆ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾರೆ. ತಾಯಿ ಕಣ್ಣಲ್ಲೇ ಬೇಡುತ್ತಾಳೆ, ಜಗಳ ಬೇಡ ಅಂತ. ನಾಳೆ ತವರಿನ ಬಾಗಿಲು ಮುಚ್ಚಿಬಿಟ್ಟರೆ ಅಂತ ಹೆದರಿ ಅವಳು ಸೈನ್ ಹಾಕುತ್ತಾಳೆ. ಮತ್ತೆ ಅದೇ ಅಣ್ಣ ರಂಜಾನ್‌ನಲ್ಲಿ ಬೆರಳಿಗೆ ಎಣಿಸುವ ಯಂತ್ರ ಸಿಕ್ಕಿಸಿಕೊಂಡು ಸಾವಿರ ಇಸ್ತಿಗ್‌ಫಾರ್ ಹೇಳುತ್ತಾನೆ. ಮುಂದಿನ ವರ್ಷ ಉಮ್ರಾಕ್ಕೂ (ಮಕ್ಕಾ ಯಾತ್ರೆಗೂ) ಹೋಗುತ್ತಾನೆ.

ಮಗಳ ಪಾಲು ಎಷ್ಟು ಅಂತ ಅಲ್ಲಾಹನೇ ಕುರ್‌ಆನ್‌ನಲ್ಲಿ ಹೇಳಿದ್ದಾನೆ, ನಿಸಾ ಅಧ್ಯಾಯದ 11ನೇ ವಚನದಲ್ಲಿ. ಮದುವೆಯ ಚಿನ್ನ ಕಳೆದು ಉಳಿದದ್ದು ಅಂತ ಅಲ್ಲಿಲ್ಲ. ಪಾಲು ಹೇಳಿ ಮುಗಿಸಿ 13, 14ನೇ ವಚನದಲ್ಲಿ, ಇವು ಅಲ್ಲಾಹನ ಎಲ್ಲೆಗಳು, ಇವನ್ನು ಮೀರಿದವನಿಗೆ ಬೆಂಕಿ ಅಂತ ಇದೆ. ನಮಾಝ್ ಬಿಟ್ಟವನಿಗೆ ಹೇಳುವ ಹಾಗೆ ಇದನ್ನು ಜುಮಾ (ಶುಕ್ರವಾರದ) ಪ್ರವಚನದಲ್ಲಿ ಯಾಕೆ ಎತ್ತಿ ಹೇಳುವುದಿಲ್ಲ?

ವೀಸಾ ಕೊಡಿಸುತ್ತೇನೆ ಅಂತ ದುಡ್ಡು ತೆಗೆದುಕೊಂಡು ಫೋನ್ ಎತ್ತದವರ ಕಥೆ ಹೇಳಿದರೆ ಇಡೀ ಪುಟ ಬೇಕು. ತಾಯಿಯ ಬಳೆ ಅಡವಿಟ್ಟು ಕೊಟ್ಟ ದುಡ್ಡು ಅದು. ಗಡಿಕಲ್ಲು ಒಂದು ಗೇಣು ಆಚೆ ಸರಿಸಿದವರು, ಬಾಡಿಗೆ ಕಟ್ಟದೆ ಕೋಣೆ ಬಿಡದವರು, ಕೂಲಿಯವರ ಸಂಬಳ ‘ನಾಳೆ ಬಾ’ ಅಂತ ಓಡಿಸಿದವರು, ಇವರೆಲ್ಲ ನಾಲ್ಕನೇ ಶರತ್ತಿನಲ್ಲೇ ಬರುತ್ತಾರೆ.

ದುಡ್ಡಿಗಿಂತ ಕಷ್ಟದ್ದು ನಾಲಿಗೆ. ಗೀಬತ್, ಅಂದರೆ ಬೆನ್ನ ಹಿಂದೆ ದೂಷಣೆ, ಮಾಡುವುದು ಸತ್ತ ಸೋದರನ ಮಾಂಸ ತಿಂದ ಹಾಗೆ ಅಂತ ಹುಜುರಾತ್ ಅಧ್ಯಾಯದ 12ನೇ ವಚನ. ನಾವು ಹೆಂಗಸರು ಇದನ್ನು ಮದ್ರಸದಲ್ಲೇ ಕಲಿತಿರುತ್ತೇವೆ, ಆದರೂ ಮದುವೆಮನೆಯಲ್ಲಿ ಯಾರದೋ ಸೊಸೆಯ ಬಗ್ಗೆ ಮಾತು ಶುರುವಾದರೆ ನಿಲ್ಲುವುದೇ ಇಲ್ಲ. ಇದರಲ್ಲಿ ತೌಬಾ ಹೇಗೆ ಅಂತ ವಿದ್ವಾಂಸರಲ್ಲಿ ಎರಡು ಅಭಿಪ್ರಾಯ ಇದೆ. ಅವರ ಹತ್ತಿರ ಹೋಗಿ ಹೇಳಿಯೇ ಕ್ಷಮೆ ಕೇಳಬೇಕು ಅಂತ ಕೆಲವರು. ಹೇಳಿದರೆ ದ್ವೇಷ ಇನ್ನೂ ಜಾಸ್ತಿಯಾಗುವ ಹಾಗಿದ್ದರೆ ಹೇಳಬೇಡಿ, ಅವರಿಗಾಗಿ ದುಆ ಮಾಡಿ, ಎಲ್ಲಿ ಅವರ ಮಾನ ತೆಗೆದಿರೋ ಅಲ್ಲೇ, ಅದೇ ಜನರ ಮುಂದೆ ಅವರ ಒಳ್ಳೆಯದನ್ನು ಹೇಳಿ ಅಂತ ಇನ್ನು ಕೆಲವರು. ನನಗೆ ಎರಡನೆಯದು ಹೆಚ್ಚು ಸರಿ ಕಾಣುತ್ತದೆ. ಅದು ಸುಲಭದ್ದೂ ಅಲ್ಲ. ಅದೇ ಮದುವೆಮನೆಯಲ್ಲಿ, ಅದೇ ಗುಂಪಿನಲ್ಲಿ, ‘ಅವಳು ಪಾಪ ಒಳ್ಳೆಯವಳು, ಆವತ್ತು ಹೇಳಿದ್ದು ಸುಳ್ಳು’ ಅನ್ನಲು ಧೈರ್ಯ ಬೇಕು.

ಪ್ರವಾದಿಯವರು ಒಮ್ಮೆ ಸಹಾಬಿಗಳನ್ನು (ತಮ್ಮ ಸಂಗಾತಿಗಳನ್ನು), ಪಾಪರ್ (ದಿವಾಳಿಯಾದವನು) ಅಂದರೆ ಯಾರು ಗೊತ್ತಾ ಅಂತ ಕೇಳಿದರು. ದುಡ್ಡು, ಸಾಮಾನು ಇಲ್ಲದವರು ಅಂದರು ಅವರು. ಅಲ್ಲ, ನನ್ನ ಸಮುದಾಯದ ಪಾಪರ್ ಅಂದರೆ ಕಿಯಾಮತ್ (ಅಂತಿಮ ವಿಚಾರಣೆಯ) ದಿನ ನಮಾಝ್, ಉಪವಾಸ, ಝಕಾತ್ (ಕಡ್ಡಾಯ ದಾನ) ಎಲ್ಲ ಹೊತ್ತು ಬರುವವನು, ಆದರೆ ಒಬ್ಬನನ್ನು ಬೈದಿರುತ್ತಾನೆ, ಒಬ್ಬನ ಮೇಲೆ ಅಪವಾದ ಹೊರಿಸಿರುತ್ತಾನೆ, ಒಬ್ಬನ ಸೊತ್ತು ತಿಂದಿರುತ್ತಾನೆ, ಒಬ್ಬನ ರಕ್ತ ಹರಿಸಿರುತ್ತಾನೆ, ಒಬ್ಬನಿಗೆ ಹೊಡೆದಿರುತ್ತಾನೆ. ಅವನ ಪುಣ್ಯವನ್ನು ತೆಗೆದು ಅವರಿಗೆಲ್ಲ ಹಂಚುತ್ತಾರೆ. ಪುಣ್ಯ ಮುಗಿದರೆ ಅವರ ಪಾಪವನ್ನು ತೆಗೆದು ಇವನ ಮೇಲೆ ಹಾಕುತ್ತಾರೆ, ಮತ್ತೆ ನರಕಕ್ಕೆ ಎಸೆಯುತ್ತಾರೆ. ಸಹೀಹ್ ಮುಸ್ಲಿಮ್‌ನಲ್ಲಿದೆ, ಅಬೂಹುರೈರಾ ಹೇಳಿದ್ದು. ಬಾಕಿ ತೀರಿಸದೆ ತಸ್ಬೀಹ್ (ಜಪಮಾಲೆ) ಎಣಿಸುವುದು ತೂತು ಕೊಡಪಾನದಲ್ಲಿ ನೀರು ಸೇದಿದ ಹಾಗೆ. ಹುತಾತ್ಮನಿಗೂ ಸಾಲ ಒಂದನ್ನು ಬಿಟ್ಟು ಉಳಿದೆಲ್ಲ ಕ್ಷಮೆ ಉಂಟು ಅಂತ ಹದೀಸ್ ಇದೆ. ಅಲ್ಲಾಹನ ದಾರಿಯಲ್ಲಿ ಜೀವ ಕೊಟ್ಟವನಿಗೇ ಹಾಗೆ ಅಂದ ಮೇಲೆ ನಮ್ಮಂಥವರ ಗತಿ ಏನು?

ನಮ್ಮ ಊರಿನ ಒಂದು ಪದ್ಧತಿಯನ್ನು ಬೇರೆ ಧರ್ಮದ ಓದುಗರಿಗೆ ಹೇಳಲೇಬೇಕು. ಮಯ್ಯತ್ (ಶವ) ಎತ್ತುವ ಮೊದಲು ಅಂಗಳದಲ್ಲಿ ಎಲ್ಲರೂ ನಿಂತಿರುವಾಗ ಮಗನೋ ತಮ್ಮನೋ ಮುಂದೆ ಬಂದು ಹೇಳುತ್ತಾನೆ. ಇವರು ಯಾರಿಗಾದರೂ ದುಡ್ಡು ಕೊಡಲಿಕ್ಕಿದ್ದರೆ ನಮ್ಮನ್ನು ಕಾಣಿ, ನಾವು ಕೊಡುತ್ತೇವೆ. ಮಾತಿನಲ್ಲೋ ನಡತೆಯಲ್ಲೋ ಯಾರಿಗಾದರೂ ನೋವಾಗಿದ್ದರೆ ಪೊರುತ್ತ ಮಾಡಿಕೊಡಬೇಕು, ಅಂದರೆ ಕ್ಷಮಿಸಬೇಕು. ಅಳು ಉಕ್ಕಿ ಮಾತು ಅರ್ಧಕ್ಕೆ ನಿಲ್ಲುತ್ತದೆ, ಪಕ್ಕದವರು ಯಾರೋ ಪೂರ್ತಿ ಮಾಡುತ್ತಾರೆ. ಒಳಗೆ ಹೆಂಗಸರು ಕಿಟಕಿಯ ಹತ್ತಿರ ನಿಂತು ಕೇಳುತ್ತಿರುತ್ತೇವೆ. ಅಂಗಳದಲ್ಲಿರುವ ಹಿಂದೂ ನೆರೆಯವರೂ ತಲೆ ಅಲ್ಲಾಡಿಸುತ್ತಾರೆ, ಏನಿಲ್ಲ ಏನಿಲ್ಲ ಅಂತ. ಇದಕ್ಕೆ ಬುಡ ಇದೆ. ಪ್ರವಾದಿಯವರು ಅಂತಿಮ ನಮಾಝ್‌ಗೆ ಜನಾಝಾ (ಶವ) ಬಂದಾಗ ಸಾಲ ಉಂಟೋ ಅಂತ ಕೇಳುತ್ತಿದ್ದರು. ಒಬ್ಬನಿಗೆ ಮೂರು ದೀನಾರ್ ಸಾಲ ಇತ್ತು, ತೀರಿಸಲು ಏನೂ ಇರಲಿಲ್ಲ. ನಿಮ್ಮ ಗೆಳೆಯನಿಗೆ ನೀವೇ ನಮಾಝ್ ಮಾಡಿ ಅಂದರು. ಸಹಾಬಿ ಅಬೂ ಖತಾದಾ ಎದ್ದು, ಆ ಸಾಲ ನನ್ನ ಮೇಲೆ ಇರಲಿ ಅಂದ ಮೇಲೆಯೇ ನಮಾಝ್ ಮಾಡಿದರು. ಅಷ್ಟು ಒಳ್ಳೆಯ ಪದ್ಧತಿ ನಮ್ಮಲ್ಲಿ ಉಳಿದಿದೆ. ನನ್ನ ಪ್ರಶ್ನೆ ಇಷ್ಟೇ, ಸತ್ತವರ ಪರವಾಗಿ ಮಗ ಹೇಳುವುದನ್ನು ಬದುಕಿರುವಾಗ ಅಪ್ಪನೇ ಯಾಕೆ ಹೇಳಬಾರದು?

ಹಜ್‌ಗೆ ಹೋಗುವ ಮೊದಲು ಹಾಗೆ ಹೇಳುವ ಪದ್ಧತಿಯೂ ಉಂಟು. ಮೊದಲೆಲ್ಲ ಮನೆಮನೆಗೆ ನಡೆದು ಹೋಗಿ ಪೊರುತ್ತ ಕೇಳುತ್ತಿದ್ದರು. ಈಗ ಸ್ಟೇಟಸ್ ಹಾಕುತ್ತಾರೆ. ‘ನಾನು ಹೋಗುತ್ತಿದ್ದೇನೆ, ತಪ್ಪಾಗಿದ್ದರೆ ಎಲ್ಲರೂ ಕ್ಷಮಿಸಿ.’ ಕೆಳಗೆ ಹೂವಿನ ಚಿತ್ರ. ಮುನ್ನೂರು ಜನ ನೋಡುತ್ತಾರೆ, ಆದರೆ ಯಾರ ಹತ್ತಿರ ನಿಜವಾಗಿ ಕೇಳಬೇಕಿತ್ತೋ ಅವರ ನಂಬರ್ ಬ್ಲಾಕ್ ಆಗಿರುತ್ತದೆ. ನಮ್ಮ ನೆರೆಯ ಒಬ್ಬ ಅಜ್ಜ ಹಾಗೆ ಮಾಡಲಿಲ್ಲ. ಹೊರಡುವ ಮೊದಲು ಮೊಣಕಾಲು ನೋವಿನಲ್ಲೇ ಗುಡ್ಡ ಹತ್ತಿ, ಬೇಲಿಯ ವಿಷಯದಲ್ಲಿ ಬಹಳ ಕಾಲದಿಂದ ಮಾತು ಬಿಟ್ಟಿದ್ದ ಪಕ್ಕದ ತೋಟದ ಹಿಂದೂ ಮನೆಯವರಲ್ಲಿಗೆ ಹೋದರು. ಜೊತೆಗೆ ಅಳತೆ ಟೇಪು ಹಿಡಿದ ಮೊಮ್ಮಗ. ಬೇಲಿ ಕಿತ್ತು ಹಿಂದೆ ಹಾಕಿಸಿಯೇ ಬಂದರು. ಆ ಮನೆಯವರು ಅವರನ್ನು ಕಾರಿನಲ್ಲಿ ಕೂರಿಸಿ ವಾಪಸ್ ಬಿಟ್ಟರು. ಸಹಾಬಿ ಮುಆದ್ ಅವರನ್ನು ಯಮನ್‌ಗೆ ಕಳಿಸುವಾಗ ಪ್ರವಾದಿಯವರು, ಅನ್ಯಾಯಕ್ಕೊಳಗಾದವನ ಪ್ರಾರ್ಥನೆಗೆ ಹೆದರು, ಅದಕ್ಕೂ ಅಲ್ಲಾಹನಿಗೂ ನಡುವೆ ಪರದೆ ಇಲ್ಲ ಅಂತ ಎಚ್ಚರಿಸಿದ್ದರು. ಅಲ್ಲಿನ ಜನ ಆಗ ಮುಸ್ಲಿಮರಾಗಿರಲಿಲ್ಲ, ಗ್ರಂಥದ ಜನ, ಅಂದರೆ ಯಹೂದಿ, ಕ್ರೈಸ್ತರು. ಪರಧರ್ಮದವರ ಬಾಕಿ ಬಾಕಿಯಲ್ಲ ಅಂತ ತಿಳಿದವರು ಇದನ್ನು ಗಮನಿಸಬೇಕು.

ಕ್ಷಮಿಸುವವರ ಬಗ್ಗೆಯೂ ಒಂದು ಮಾತು. ಪ್ರವಾದಿಯವರ ಆಪ್ತ ಸಂಗಾತಿ ಅಬೂಬಕರ್ ಸಿದ್ದೀಕ್ ಅವರ ಮಗಳು, ಪ್ರವಾದಿಯವರ ಪತ್ನಿ ಆಯಿಷಾ ಮೇಲೆ ಅಪವಾದ ಹರಡಿದವರಲ್ಲಿ ಮಿಸ್ತಹ್ ಕೂಡ ಇದ್ದ. ಅವನು ಅಬೂಬಕರ್ ಅವರ ಸಂಬಂಧಿ, ಅವರದೇ ದುಡ್ಡಲ್ಲಿ ಬದುಕುತ್ತಿದ್ದವನು. ಇನ್ನು ಇವನಿಗೆ ಏನೂ ಕೊಡುವುದಿಲ್ಲ ಅಂತ ಅಬೂಬಕರ್ ಆಣೆ ಹಾಕಿದರು. ಆಗ ನೂರ್ ಅಧ್ಯಾಯದ 22ನೇ ವಚನ ಇಳಿಯಿತು, ಅವರು ಮನ್ನಿಸಲಿ, ಅಲ್ಲಾಹ್ ನಿಮ್ಮನ್ನು ಕ್ಷಮಿಸಬೇಕು ಅಂತ ನಿಮಗೆ ಆಸೆ ಇಲ್ಲವೇ ಅಂತ. ಖಂಡಿತ ಆಸೆ ಇದೆ ಅಂದು ಅಬೂಬಕರ್ ಮೊದಲಿನ ಹಾಗೇ ಕೊಡಲು ಶುರು ಮಾಡಿದರು. ಮಗಳ ಮಾನದ ವಿಷಯದಲ್ಲಿ ಹೀಗೆ ಮನ್ನಿಸುವುದು ಸಣ್ಣದಲ್ಲ. ಆದರೆ ಈ ಘಟನೆಯನ್ನು ಹಿಡಿದು, ‘ನೋಡು, ಅಬೂಬಕರ್ ಕ್ಷಮಿಸಿದರು, ನೀನೂ ಪಾಲು ಬಿಟ್ಟು ಹಲಾಲ್ ಮಾಡು (ಒಪ್ಪಿ ಬಿಟ್ಟುಕೊಡು)’ ಅಂತ ತಂಗಿಯ ಕೈ ಹಿಡಿಯುವುದು ತಪ್ಪು. ಅಲ್ಲಿ ಅಬೂಬಕರ್ ಸ್ವಂತ ಇಷ್ಟದಿಂದ ಕೊಟ್ಟರು, ಅವರಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಹತ್ತು ಜನರ ಮುಂದೆ ನಾಚಿಕೆಗೆ ಹೇಳಿಸಿದ ‘ಹಲಾಲ್’ ಮನಸ್ಸಿನಿಂದ ಬಂದದ್ದಲ್ಲ. ಮೊದಲು ಅವಳ ಪಾಲನ್ನು ಅವಳ ಹೆಸರಿಗೆ ಮಾಡಿ, ದಾಖಲೆ ಅವಳ ಕೈಗೆ ಕೊಡಿ. ಆಮೇಲೆ ಅವಳಿಗೆ ಖುಷಿ ಇದ್ದರೆ ಕೊಡಲಿ, ಇಲ್ಲದಿದ್ದರೆ ಇಟ್ಟುಕೊಳ್ಳಲಿ.

ನಮ್ಮಿಂದ ಬಾಕಿ ಸಿಗಬೇಕಾದವರು ತೀರಿಕೊಂಡಿದ್ದರೆ ವಾರಸುದಾರರಿಗೆ ಕೊಡಬೇಕು. ಯಾರು ಅಂತಲೇ ಪತ್ತೆ ಇಲ್ಲದಿದ್ದರೆ ಅವರ ಹೆಸರಲ್ಲಿ ಸದಕಾ (ದಾನ) ಮಾಡಬೇಕು ಅನ್ನುತ್ತಾರೆ. ಈಗಲೇ ಕೈಯಲ್ಲಿ ದುಡ್ಡಿಲ್ಲದವರು ಹೋಗಿ ಹೇಳಿ ಸಮಯ ಕೇಳಬಹುದು, ಕಂತಿನಲ್ಲಿ ಕೊಡಬಹುದು. ತಪ್ಪಿಸಿಕೊಂಡು ತಿರುಗುವುದು ಮಾತ್ರ ಬೇಡ. ಸಾವು ಕಣ್ಣೆದುರು ಬಂದಾಗ ಈಗ ತೌಬಾ ಮಾಡಿದೆ ಅನ್ನುವವರಿಗೆ ತೌಬಾ ಇಲ್ಲ ಅಂತ ನಿಸಾ ಅಧ್ಯಾಯದ 18ನೇ ವಚನ ಸ್ಪಷ್ಟವಾಗಿ ಹೇಳಿದೆ.

ಪತ್ರಿಕೆಗೆ ನನ್ನ ವಿನಂತಿ ಎರಡು. ರಂಜಾನ್ ಪುಟದಲ್ಲಿ ಒಂದು ದಿನವಾದರೂ ಈ ವಿಷಯಕ್ಕೆ ಜಾಗ ಕೊಡಿ, ಕಲಿತ ಉಸ್ತಾದರಿಂದ ಕನ್ನಡದಲ್ಲಿ ಬರೆಸಿ. ಇಸ್ಲಾಮಿನ ಆಸ್ತಿ ಹಂಚಿಕೆ ಹೇಗೆ, ಹಕ್ಕು ಬಿಡುವ ಪತ್ರಕ್ಕೆ ಸೈನ್ ಹಾಕುವ ಮೊದಲು ಹೆಣ್ಣುಮಕ್ಕಳು ಏನು ಕೇಳಬೇಕು ಅಂತ ವಕೀಲರಿಂದಲೂ ಒಂದು ಬರಹ ಹಾಕಿಸಿ. ಮಂಜೇಶ್ವರ, ಕಾಸರಗೋಡು ತಾಲೂಕಿನ ಜಮಾಅತ್ ಕಮಿಟಿಯವರಲ್ಲಿ ಇನ್ನೊಂದು ವಿನಂತಿ. ರಂಜಾನ್‌ಗೆ ಮೊದಲಿನ ಶಅಬಾನ್ ತಿಂಗಳ ಒಂದು ಜುಮಾದಲ್ಲಿ ತಂಗಿಯರ ಪಾಲಿನ ಬಗ್ಗೆಯೇ ಪ್ರವಚನ ಇಡಿ. ಪಾಲು ಮಾಡಲು ಬಯಸುವ ಮನೆಯವರಿಗೆ ಲೆಕ್ಕ ಹಾಕಿಕೊಡಲು, ಕಾಗದವನ್ನು ಕನ್ನಡದಲ್ಲಿ ಓದಿ ಹೇಳಲು ಮಸೀದಿಯಲ್ಲಿ ಒಂದು ಸಂಜೆ ಜನ ಕೂರುವ ವ್ಯವಸ್ಥೆ ಮಾಡಿ, ಹೆಂಗಸರೂ ಬಂದು ಕೇಳುವ ಹಾಗಿರಲಿ. ಹಾಗೆ ಈಗಾಗಲೇ ಮಾಡುತ್ತಿರುವ ಜಮಾಅತ್ ಇದ್ದರೆ ಇದೇ ಅಂಕಣಕ್ಕೆ ಬರೆದು ತಿಳಿಸಿ, ನಾವು ನಮ್ಮ ಕಮಿಟಿಯವರಿಗೆ ತೋರಿಸುತ್ತೇವೆ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಉಪ್ಪಳ, ಮಂಜೇಶ್ವರ ತಾಲೂಕು